ಸ್ವಲೀನತೆಯುಳ್ಳ ವಯಸ್ಕರ ಸಮಾಧಾನದ ದಾರಿಗಳು

ಆಟಿಸಂ ಎಂದು ವೈದ್ಯರು ಕರೆಯುವ ಸ್ವಲೀನತೆಯು ಬಾಲ್ಯದೊಡನೆ ಮುಗಿಯುವುದಿಲ್ಲ. ಅದು ಜೀವನಪರ್ಯಂತ ಇರುತ್ತದೆ. ಇಂಥವರಲ್ಲಿ ಅನೇಕರಿಗೆ ಸದ್ದು, ಬೆಳಕು, ಸ್ಪರ್ಶಗಳು ಅತಿ ತೀವ್ರವಾಗಿ ತಾಗುತ್ತವೆ.

1947ರಲ್ಲಿ ಜನಿಸಿದ ಅಮೆರಿಕದ ಪಶುವಿಜ್ಞಾನಿ ಟೆಂಪಲ್ ಗ್ರ್ಯಾಂಡಿನ್ ಅವರಿಗೆ ಅಪ್ಪುಗೆಯ ಹಂಬಲವಿತ್ತು. ಆದರೆ ಯಾರಾದರೂ ಅಪ್ಪಿದರೆ ಸಹಿಸಲಾಗುತ್ತಿರಲಿಲ್ಲ. ಲಸಿಕೆ ಹಾಕುವಾಗ ದನಗಳನ್ನು ಇಕ್ಕೆಲಗಳಿಂದ ಒತ್ತಿಹಿಡಿಯುವ ಚೌಕಟ್ಟಿನಲ್ಲಿ ಕೆಲವು ದನಗಳು ಶಾಂತವಾಗುವುದನ್ನು ಅವರು ಕಂಡರು. ಹದಿಹರೆಯದಲ್ಲಿಯೇ ತಮಗಾಗಿ ಅಂಥದೊಂದು ಯಂತ್ರವನ್ನು ನಿರ್ಮಿಸಿಕೊಂಡರು. ಒತ್ತಡವನ್ನು ಹೆಚ್ಚಿಸುವುದೂ ತಗ್ಗಿಸುವುದೂ ಅವರ ಕೈಯಲ್ಲಿಯೇ ಇತ್ತು. ವಿಚಿತ್ರವೆಂದು ಕೆಲವರು ಅದನ್ನು ಬಿಡಿಸಲು ನೋಡಿದರು. ವಿಜ್ಞಾನದ ಅಧ್ಯಾಪಕರೊಬ್ಬರು ಮಾತ್ರ, ಅದು ಏಕೆ ಶಮನ ನೀಡುತ್ತದೆಂದು ಅಭ್ಯಸಿಸಲು ಪ್ರೇರೇಪಿಸಿದರು.

ನಮ್ಮ ಮನೆಗಳಲ್ಲಿ ಇದಕ್ಕೆ ಯಂತ್ರವೇ ಬೇಕೆಂದಿಲ್ಲ. ಭಾರವಾದ ಕೌದಿ ಹೊದೆಯುವುದು, ಕುಳಿತಲ್ಲೇ ತೂಗಾಡುವುದು, ಜಾತ್ರೆಯ ಗದ್ದಲದಲ್ಲಿ ಕಿವಿ ಮುಚ್ಚಿಕೊಳ್ಳುವುದು, ನಿತ್ಯವೂ ಒಂದೇ ಬಗೆಯ ಊಟ ಬಯಸುವುದು, ಇವೆಲ್ಲ ಮನಸ್ಸನ್ನು ಸ್ಥಿಮಿತಕ್ಕೆ ತರುವ ಉಪಾಯಗಳೇ. ಹೊದಿಕೆಯ ಭಾರ ಮಾತ್ರ ಅವರೇ ಸರಿಸಬಲ್ಲಷ್ಟಿರಲಿ. ತಮಗೆ ತಾವೇ ಪೆಟ್ಟು ಮಾಡಿಕೊಳ್ಳುತ್ತಿದ್ದರೆ ವೈದ್ಯರನ್ನು ಕಾಣಬೇಕು.

ಹಾನಿಯಿಲ್ಲದ ರೂಢಿಯನ್ನು ‘ವಯಸ್ಸಿಗೆ ತಕ್ಕುದಲ್ಲ’ವೆಂದು ಗದರಿ ಬಿಡಿಸಿದರೆ, ನಾವು ಕಸಿಯುವುದು ಅವರ ಆಸರೆಯನ್ನೇ. ಪ್ರೀತಿಯಿಂದ ಅಪ್ಪುವ ಮುನ್ನವೂ ಅವರ ಒಪ್ಪಿಗೆ ಕೇಳೋಣ.