ಕಡಿಮೆ ಹಣದಲ್ಲಿ ಒಳ್ಳೆಯ ವಿಡಿಯೊ ಕ್ಯಾಮೆರಾ: ಆಯ್ಕೆ ಹೇಗೆ?



"ಸರ್, ಯಾವ ಕ್ಯಾಮೆರಾ ತಗೋಬೇಕು?" ಎಂದು ಈ ವರ್ಷ ನಿಮ್ಮಲ್ಲಿ ಹಲವರು ಕೇಳಿದ್ದೀರಿ. ಕೆಲವರಿಗೆ ಕಾಲೇಜಿನ ಪ್ರಾಜೆಕ್ಟ್ ಮಾಡಬೇಕು. ಕೆಲವರಿಗೆ ಮದುವೆ, ನಿಕಾಹ್ ಚಿತ್ರೀಕರಿಸಿ ನಾಲ್ಕು ಕಾಸು ಸಂಪಾದಿಸುವ ಆಸೆ. ನಿಮ್ಮ ಕೈಗೆ ಬರುವುದು ಮನೆಯವರು ರೇಷ್ಮೆ ನೂಲು ತೆಗೆದೋ ಆಟಿಕೆ ಕಡೆದೋ ಕೂಡಿಟ್ಟ ಹಣ. ಆದ್ದರಿಂದ ಯಾವುದೋ ಒಂದು ಮಾದರಿಯ ಹೆಸರು ಹೇಳುವ ಬದಲು, ನೀವೇ ಪರೀಕ್ಷಿಸಿ ಕೊಳ್ಳುವ ಕ್ರಮವನ್ನು ಇಲ್ಲಿ ವಿವರಿಸಿದ್ದೇನೆ.

ಮೊದಲು ನನ್ನದೇ ತಪ್ಪು ಹೇಳಿಬಿಡುತ್ತೇನೆ. ಹಿಂದೊಮ್ಮೆ ಚನ್ನಪಟ್ಟಣದ ಹಿರಿಯ ಆಟಿಕೆ ಕುಶಲಕರ್ಮಿಯೊಬ್ಬರ ಮಾತನ್ನು ಹೊಸ ಕ್ಯಾಮೆರಾದಲ್ಲಿ ಮುಕ್ಕಾಲು ಗಂಟೆ ಚಿತ್ರೀಕರಿಸಿದ್ದೆ. ಚಿತ್ರ ಸೊಗಸಾಗಿ ಬಂದಿತ್ತು. ಆದರೆ ಕ್ಯಾಮೆರಾ ಅವರಿಂದ ಎರಡು ಮೀಟರ್ ದೂರದಲ್ಲಿತ್ತು, ಪಕ್ಕದಲ್ಲೇ ಕಡೆಯುವ ಯಂತ್ರ ತಿರುಗುತ್ತಿತ್ತು. ಮನೆಗೆ ಬಂದು ಕೇಳಿದರೆ ಯಂತ್ರದ ಸದ್ದು ಮಾತ್ರ! ಮರುವರ್ಷ ಅವರು ತೀರಿಕೊಂಡರು. ಇದ್ದ ಹಣವನ್ನೆಲ್ಲ ಕ್ಯಾಮೆರಾಕ್ಕೇ ಸುರಿದು ಮೈಕಿಗೆ ಏನೂ ಉಳಿಸಿಕೊಳ್ಳದ ಫಲ ಅದು.

ಏನನ್ನು ಚಿತ್ರೀಕರಿಸುತ್ತೀರಿ?

ಅಂಗಡಿಗೆ ಹೋಗುವ ಮೊದಲು ಈ ಪ್ರಶ್ನೆಗೆ ಉತ್ತರ ಬರೆದಿಟ್ಟುಕೊಳ್ಳಿ. ನಮ್ಮ ಸುತ್ತಲಿನ ಜಾಗಗಳನ್ನೇ ನೋಡಿ.

ರಾಮನಗರದ ರಾಮದೇವರ ಬೆಟ್ಟ 2012ರಲ್ಲಿ ರಣಹದ್ದುಗಳ ಧಾಮವಾಯಿತು. ಬಂಡೆಯ ಮೇಲೆ ದೂರದಲ್ಲಿ ಕುಳಿತ ಹದ್ದನ್ನು ಹಿಡಿಯಲು ಆಪ್ಟಿಕಲ್ ಜೂಮ್ ಬೇಕು. ಡಿಜಿಟಲ್ ಜೂಮ್ ಹೊಸ ವಿವರವನ್ನೇನೂ ತರುವುದಿಲ್ಲ, ಇದ್ದ ಚಿತ್ರವನ್ನೇ ಕತ್ತರಿಸಿ ಹಿಗ್ಗಿಸುತ್ತದೆ. ಚನ್ನಪಟ್ಟಣದ ಕೆಲಸದ ಮನೆಯಲ್ಲಿ ಬೆಳಕು ಕಡಿಮೆ. ತಿರುಗುವ ಮರಕ್ಕೆ ಅರಗಿನ ಕಡ್ಡಿ ತಾಗಿ, ಘರ್ಷಣೆಯ ಬಿಸಿಗೆ ಕರಗಿ ಬಣ್ಣ ಹತ್ತುವುದನ್ನು ತೋರಿಸಬೇಕಾದರೆ ದೊಡ್ಡ ಸೆನ್ಸರ್ ಮತ್ತು ಹತ್ತಿರದ ವಸ್ತುವನ್ನು ಸ್ಪಷ್ಟವಾಗಿ ಹಿಡಿಯುವ ಲೆನ್ಸ್ ಬೇಕು. ಕನಕಪುರದ ಸಂಗಮದಲ್ಲಿ, ಅರ್ಕಾವತಿ ಕಾವೇರಿಯನ್ನು ಸೇರುವ ಕಡೆ, ಗಾಳಿ ಮೈಕಿಗೆ ಬಡಿದು ದನಿ ಹಾಳಾಗುತ್ತದೆ. ಅಲ್ಲಿ ಮೈಕಿಗೆ ತೊಡಿಸುವ ಸ್ಪಂಜಿನ ಟೋಪಿ ಬೇಕು. ಮಾಗಡಿಯ ಸಾವನದುರ್ಗದ ಇಡೀ ಬಂಡೆಯನ್ನು ತೋರಿಸಲು ಬೆಳಕು ಬೇಕಾದಷ್ಟಿದೆ, ಬೇಕಾದದ್ದು ಅಲುಗದ ಟ್ರೈಪಾಡ್.

ಹೀಗೆ ಒಂದೊಂದು ಕೆಲಸಕ್ಕೂ ಒಂದೊಂದು ಗುಣ ಮುಖ್ಯ. ಎಲ್ಲ ಗುಣಗಳೂ ಇರುವ ಕ್ಯಾಮೆರಾ ನಮ್ಮ ಬಜೆಟ್ಟಿಗೆ ಸಿಗುವುದಿಲ್ಲ.

ಅಂಕಿಗೆ ಮರುಳಾಗಬೇಡಿ

ಪೆಟ್ಟಿಗೆಯ ಮೇಲೆ "48 ಮೆಗಾಪಿಕ್ಸೆಲ್" ಎಂದು ದೊಡ್ಡದಾಗಿ ಬರೆದಿರುತ್ತದೆ. ಲೆಕ್ಕ ಹಾಕಿ: ಫುಲ್ ಎಚ್‌ಡಿ ವಿಡಿಯೊದ ಒಂದು ಚೌಕಟ್ಟಿನಲ್ಲಿ 1920 × 1080, ಅಂದರೆ ಸುಮಾರು 21 ಲಕ್ಷ ಪಿಕ್ಸೆಲ್. 4ಕೆ ವಿಡಿಯೊದಲ್ಲಿ 3840 × 2160, ಸುಮಾರು 83 ಲಕ್ಷ. ವಿಡಿಯೊಗೆ ಅಷ್ಟೇ ಸಾಕು. ಮೆಗಾಪಿಕ್ಸೆಲ್‌ಗಿಂತ ಸೆನ್ಸರಿನ ಗಾತ್ರ ಮತ್ತು ಲೆನ್ಸಿನ ಎಫ್ ಸಂಖ್ಯೆ ಕೇಳಿ. ಎಫ್ ಸಂಖ್ಯೆ 4ರಿಂದ 2ಕ್ಕೆ ಇಳಿದರೆ ಸೆನ್ಸರಿನ ಮೇಲೆ ಬೀಳುವ ಬೆಳಕು ನಾಲ್ಕು ಪಟ್ಟಾಗುತ್ತದೆ.

4ಕೆಗೆ ಇನ್ನೊಂದು ಖರ್ಚೂ ಇದೆ. ಸೆಕೆಂಡಿಗೆ 50 ಮೆಗಾಬಿಟ್‌ನಂತೆ ದಾಖಲಿಸಿದರೆ ಒಂದು ಗಂಟೆಗೆ ಸುಮಾರು 22.5 ಜಿಬಿ ತುಂಬುತ್ತದೆ. ಅದನ್ನು ಇಡಲು ಡಿಸ್ಕ್, ಎಡಿಟ್ ಮಾಡಲು ಬಲವಾದ ಕಂಪ್ಯೂಟರ್ ಬೇಕು. ಕಲಿಯುವವರಿಗೆ ಫುಲ್ ಎಚ್‌ಡಿ ಧಾರಾಳ.

ದನಿಯ ಪಾಠ

ಭೌತಶಾಸ್ತ್ರದ ವಿಲೋಮ ವರ್ಗ ನಿಯಮ ನೆನಪಿದೆಯೇ? ದೂರ ಅರ್ಧವಾದರೆ ತೀವ್ರತೆ ನಾಲ್ಕು ಪಟ್ಟು. ಎರಡು ಮೀಟರ್ ದೂರದ ಮೈಕನ್ನು ಬಾಯಿಂದ ಒಂದು ಗೇಣು, ಸುಮಾರು 25 ಸೆಂ.ಮೀ. ಹತ್ತಿರ ತಂದರೆ ದೂರ ಎಂಟನೆಯ ಒಂದು ಭಾಗವಾಗುತ್ತದೆ, ಮಾತಿನ ತೀವ್ರತೆ 64 ಪಟ್ಟಾಗುತ್ತದೆ. ಯಂತ್ರದ ಸದ್ದು ಇದ್ದಷ್ಟೇ ಇರುತ್ತದೆ. ಸಾಧಾರಣ ಕಾಲರ್ ಮೈಕ್ ಮಾಡುವ ಈ ಕೆಲಸವನ್ನು ದೂರದಲ್ಲಿಟ್ಟ ದುಬಾರಿ ಕ್ಯಾಮೆರಾ ಮಾಡಲಾರದು. ಆದ್ದರಿಂದ ಮೈಕ್ ಜೋಡಿಸುವ ರಂಧ್ರವಿಲ್ಲದ ಕ್ಯಾಮೆರಾ ಕೊಳ್ಳಬೇಡಿ. ಮೈಕಿನ ಪಿನ್ನನ್ನೂ ನೋಡಿ: ಸಾಮಾನ್ಯವಾಗಿ ಫೋನಿನ ಪಿನ್ನಿನಲ್ಲಿ ಮೂರು ಕಪ್ಪು ಗೆರೆ, ಕ್ಯಾಮೆರಾ ಪಿನ್ನಿನಲ್ಲಿ ಎರಡು. ಅದಲುಬದಲಾದರೆ ದನಿ ದಾಖಲಾಗದೇ ಹೋಗಬಹುದು.

ಬೆಳಕಿಗೆ ಕಾಯಿರಿ

ನಮ್ಮೂರ ಬಂಡೆಗಳ ನಡುವೆ 1973ರಲ್ಲಿ ಚಿತ್ರೀಕರಣ ಆರಂಭಿಸಿ 1975ರಲ್ಲಿ ತೆರೆಕಂಡ 'ಶೋಲೆ' ನಿಮಗೆ ಗೊತ್ತು. ಅದರ ಛಾಯಾಗ್ರಾಹಕ ದ್ವಾರಕಾ ದಿವೇಚಾ. ಅಮಿತಾಭ್ ಮೌತ್ ಆರ್ಗನ್ ನುಡಿಸುವಾಗ ಜಯಾ ದೀಪಗಳ ಬಳಿ ನಿಲ್ಲುವ ಪುಟ್ಟ ದೃಶ್ಯಕ್ಕೆ ಹಲವು ದಿನ ಹಿಡಿಯಿತು. ಬೇಕಾದ ಮುಸ್ಸಂಜೆಯ ಬೆಳಕು ದಿನಕ್ಕೆ ಕೆಲವೇ ನಿಮಿಷ ಸಿಗುತ್ತಿತ್ತು. ದೊಡ್ಡ ಬಜೆಟ್ಟಿನವರೂ ಬೆಳಕಿಗೆ ಕಾದರು. ಕಾಯಲು ನಮಗೆ ಹಣವೇನೂ ಬೇಕಿಲ್ಲ!

ಮನೆಯೊಳಗಾದರೆ ಕಿಟಕಿಯ ಪಕ್ಕ ಕೂರಿಸಿ. ಟ್ಯೂಬ್‌ಲೈಟಿನಡಿ ಚಿತ್ರ ಮಿಣುಕಿದರೆ ಗಾಬರಿ ಬೇಡ. ನಮ್ಮ ವಿದ್ಯುತ್ 50 ಹರ್ಟ್ಜ್. ಕ್ಯಾಮೆರಾವನ್ನು ಸೆಕೆಂಡಿಗೆ 25 ಚೌಕಟ್ಟು, ಶಟರ್ 1/50 ಎಂದು ಹೊಂದಿಸಿದರೆ ಸಾಮಾನ್ಯವಾಗಿ ಮಿಣುಕು ನಿಲ್ಲುತ್ತದೆ.

ಹಣದ ಹಂಚಿಕೆ

ಕೈಯಲ್ಲಿ 100 ರೂಪಾಯಿ ಇದೆ ಎಂದುಕೊಳ್ಳಿ. ಕ್ಯಾಮೆರಾಕ್ಕೆ 60, ಮೈಕಿಗೆ 15, ಟ್ರೈಪಾಡಿಗೆ 10, ಮೆಮೊರಿ ಕಾರ್ಡ್ ಮತ್ತು ಹೆಚ್ಚುವರಿ ಬ್ಯಾಟರಿಗೆ 15 ಎಂದು ಹಂಚಿ. ಮನೆಯಲ್ಲಿ ಸುಮಾರಾದ ಫೋನ್ ಇದ್ದರೆ ಮೊದಲು ಮೈಕ್ ಮತ್ತು ಟ್ರೈಪಾಡ್ ಮಾತ್ರ ಕೊಳ್ಳಿ. ಆರು ತಿಂಗಳು ದುಡಿಸಿದ ಮೇಲೆ, ಫೋನಿನಲ್ಲಿ ಏನು ಸಾಲದು ಎಂಬುದು ನಿಮಗೇ ತಿಳಿಯುತ್ತದೆ.

ಅಂಗಡಿಯಲ್ಲಿ ಪರೀಕ್ಷೆ

ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಾಗಲಿ ಊರಿನಲ್ಲಾಗಲಿ, ಹೊಸದಾಗಲಿ ಹಳೆಯದಾಗಲಿ, ಹಣ ಕೊಡುವ ಮೊದಲು ಇಷ್ಟು ಮಾಡಿ:

1. ನಿಮ್ಮದೇ ಕಾರ್ಡ್ ಹಾಕಿ ಅಂಗಡಿಯ ಕತ್ತಲ ಮೂಲೆಯನ್ನು ಒಂದು ನಿಮಿಷ ಚಿತ್ರೀಕರಿಸಿ.
2. ಬಿಳಿ ಗೋಡೆಯನ್ನು ಚಿತ್ರೀಕರಿಸಿ. ಒಂದೇ ಜಾಗದಲ್ಲಿ ನಿಲ್ಲುವ ಚುಕ್ಕೆ ಕಂಡರೆ ಲೆನ್ಸ್ ಅಥವಾ ಸೆನ್ಸರಿನಲ್ಲಿ ದೋಷ ಇರಬಹುದು.
3. ಮೈಕ್ ಜೋಡಿಸಿ, ಹೆಡ್‌ಫೋನಿನಲ್ಲಿ ಕೇಳಿ.
4. ಎಷ್ಟು ಹೊತ್ತು ಸತತ ಓಡುತ್ತದೆ ಎಂದು ವಿಚಾರಿಸಿ. ಕೆಲವು ಕ್ಯಾಮೆರಾಗಳು ಅರ್ಧ ಗಂಟೆಯೊಳಗೆ ತಾವೇ ನಿಲ್ಲುತ್ತವೆ.
5. ಬಿಲ್ ಪಡೆಯಿರಿ. ಆ ಮಾದರಿಯ ಬ್ಯಾಟರಿ ಈಗಲೂ ಸಿಗುತ್ತದೆಯೇ ನೋಡಿ.

ಈ ತಿಂಗಳ ಅಭ್ಯಾಸ: ಮನೆಯ ಹಿರಿಯರೊಬ್ಬರ ಅನುಮತಿ ಕೇಳಿ, ಅವರ ಕೈಕೆಲಸವನ್ನೂ ಮಾತನ್ನೂ ಇರುವ ಫೋನಿನಲ್ಲೇ ಮೂರು ನಿಮಿಷ ದಾಖಲಿಸಿ. ಕಣ್ಣು ಮುಚ್ಚಿ ಕೇಳಿ. ಪ್ರತಿ ಮಾತೂ ತಿಳಿದರೆ ನೀವು ಕ್ಯಾಮೆರಾ ಕೊಳ್ಳಲು ಸಿದ್ಧರಾಗಿದ್ದೀರಿ. ತಿಳಿಯದಿದ್ದರೆ ಮೊದಲು ಮೈಕ್ ಕೊಳ್ಳಿ.