ಒಂದೇ ಜ್ವರದಲ್ಲಿ ಎರಡು ಸೋಂಕು: ಗ್ರಾಮ ಪಂಚಾಯಿತಿ ಸದಸ್ಯರ ಅರಿವಿಗಾಗಿ

ಮಳೆಗಾಲದ ಜ್ವರಕ್ಕೆ ಕಾರಣ ಒಂದೇ ಇರಬೇಕೆಂದಿಲ್ಲ. ಸೊಳ್ಳೆಯಿಂದ ಡೆಂಗಿ, ಇಲಿಯ ಮೂತ್ರ ಬೆರೆತ ಕೆಸರುನೀರಿನಿಂದ ಇಲಿಜ್ವರ, ಪೊದೆಗಳಲ್ಲಿನ ನುಸಿಯಿಂದ ಸ್ಕ್ರಬ್ ಟೈಫಸ್ ಒಬ್ಬರಿಗೇ ಏಕಕಾಲದಲ್ಲಿ ತಗುಲಬಹುದು. ಜ್ವರ, ತಲೆನೋವು, ಮೈಕೈನೋವು ಮೂರಕ್ಕೂ ಸಮಾನ. ಪ್ಲೇಟ್‌ಲೆಟ್ ಇಳಿಕೆಯೂ ಡೆಂಗಿಗೆ ಮಾತ್ರ ಸೀಮಿತವಲ್ಲ.

ಆದುದರಿಂದ ಡೆಂಗಿ ದೃಢಪಟ್ಟಿತೆಂದು ಉಳಿದ ಪರೀಕ್ಷೆಗಳನ್ನು ಕೈಬಿಡಬಾರದು. ಡೆಂಗಿಗೆ ನಿರ್ದಿಷ್ಟ ಔಷಧವಿಲ್ಲ. ಉಳಿದೆರಡಕ್ಕೆ ಡಾಕ್ಸಿಸೈಕ್ಲಿನ್ ಮುಂತಾದ ಔಷಧಗಳಿವೆ. ಅವು ತಡವಾದರೆ ಮೂತ್ರಪಿಂಡ, ಶ್ವಾಸಕೋಶಗಳಿಗೆ ಹಾನಿಯಾಗಿ ಪ್ರಾಣಾಪಾಯ ಒದಗಬಹುದು. ಕಂಕುಳು, ತೊಡೆಸಂದುಗಳಲ್ಲಿ ಕಪ್ಪು ಹಕ್ಕಳೆ ಕಂಡರೆ ಅದು ಸ್ಕ್ರಬ್ ಟೈಫಸ್‌ನ ಮುಖ್ಯ ಸುಳಿವು.

ಸದಸ್ಯರು ಜ್ವರಪೀಡಿತರನ್ನು ವಿಳಂಬವಿಲ್ಲದೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕಳುಹಿಸತಕ್ಕದ್ದು. ಜ್ವರ ಆರಂಭವಾದ ದಿನ, ಗದ್ದೆಯ ಕೆಲಸ, ಕಾಡಿನ ಓಡಾಟಗಳನ್ನು ವೈದ್ಯರಿಗೆ ತಿಳಿಸುವಂತೆಯೂ, ವೈದ್ಯರ ಸಲಹೆಯಿಲ್ಲದೆ ನೋವಿನ ಮಾತ್ರೆ ನುಂಗದಂತೆಯೂ ಸೂಚಿಸುವುದು.