ಮಳೆಗಾಲದ ಮುನ್ನ ಮನೆ ದುರಸ್ತಿ: ಕೆಲವು ಎಚ್ಚರಿಕೆಗಳು

ಪತ್ತನಾಜೆ ಸಮೀಪಿಸಿತೆಂದರೆ ನಮ್ಮ ಕಾಸರಗೋಡಿನ ಹಂಚಿನ ಮನೆಗಳಲ್ಲಿ ದುರಸ್ತಿಯ ಗಡಿಬಿಡಿ ಆರಂಭವಾಗುತ್ತದೆ. ಒಡೆದ ಹಂಚನ್ನು ಬದಲಾಯಿಸಬೇಕು, ಮಾಡಿನ ಮೇಲಿನ ತರಗೆಲೆ ಗುಡಿಸಬೇಕು, ಸಡಿಲವಾದ ಸ್ವಿಚ್ಚನ್ನು ಸರಿಪಡಿಸಬೇಕು. ಕೆಲಸದವರು ಸಿಗದಿದ್ದಾಗ ಮನೆಯವರೇ ಇವನ್ನೆಲ್ಲ ಮಾಡುವುದುಂಟು. ಸ್ವಾವಲಂಬನೆ ಒಳ್ಳೆಯ ಗುಣವೇ. ಆದರೆ 'ಐದು ನಿಮಿಷದ ಕೆಲಸ ತಾನೇ' ಎಂದು ಸಿದ್ಧತೆಯಿಲ್ಲದೆ ತೊಡಗುವುದು ಅಪಾಯಕ್ಕೆ ಮೂಲ. ನಾವು ತರಗತಿಯಲ್ಲಿ ಕಲಿತ ವಿಜ್ಞಾನವನ್ನೇ ಇಲ್ಲಿ ಅನ್ವಯಿಸಿ ನೋಡೋಣ.

ಮೊದಲನೆಯದು ಎತ್ತರ. 4 ಮೀಟರ್ ಎತ್ತರದ ಮಾಡಿನಿಂದ ಜಾರಿದವನು ಒಂದು ಸೆಕೆಂಡಿಗೂ ಮೊದಲೇ ನೆಲ ಸೇರುತ್ತಾನೆ. ಆಗ ಅವನ ವೇಗ ಗಂಟೆಗೆ ಸುಮಾರು 32 ಕಿಲೋಮೀಟರ್. ಕೈ ಚಾಚಿ ಏನನ್ನಾದರೂ ಹಿಡಿದುಕೊಳ್ಳಲು ವೇಳೆಯೇ ಇರದು. ಆದುದರಿಂದ ಬೀಳದಂತೆ ನೋಡಿಕೊಳ್ಳುವುದೇ ಉಪಾಯ. ಏಣಿಯ ತುದಿ 4 ಮೀಟರ್ ಎತ್ತರದಲ್ಲಿ ಒರಗಿದರೆ ಅದರ ಬುಡ ಗೋಡೆಯಿಂದ 1 ಮೀಟರ್ ದೂರವಿರಬೇಕು. ಬುಡ ಗಟ್ಟಿ ನೆಲದ ಮೇಲಿರಬೇಕು, ತುದಿಯನ್ನು ಹಗ್ಗದಿಂದ ಕಟ್ಟಬೇಕು. ಹಾವಸೆ ಹಿಡಿದ ಅಥವಾ ಒದ್ದೆಯಾದ ಹಂಚಿನ ಮೇಲೆ ಕಾಲಿಡಲೇಬಾರದು. ಸಿಮೆಂಟ್ ಶೀಟು ನೋಡಲು ಗಟ್ಟಿ. ಆದರೆ ಆಳಿನ ಭಾರಕ್ಕೆ ಒಮ್ಮೆಲೇ ಮುರಿಯಬಹುದು. ಕೈಗೆಟಕುವ ಹಂಚನ್ನು ಅಟ್ಟದ ಒಳಗಿನಿಂದಲೇ ಸರಿಸಿ ಬದಲಾಯಿಸಲು ಸಾಧ್ಯವಿದ್ದರೆ ಮಾಡು ಹತ್ತುವ ಅಗತ್ಯವೇ ಇಲ್ಲ.

ಎರಡನೆಯದು ವಿದ್ಯುತ್ತು. 'ಫ್ಯೂಸ್ ಇದೆಯಲ್ಲ, ಭಯವೇಕೆ?' ಎಂದು ಹಲವರು ಕೇಳುತ್ತಾರೆ. ಓಮನ ನಿಯಮದಂತೆ ಲೆಕ್ಕ ಹಾಕೋಣ. ಮನೆಯ ವಿದ್ಯುತ್ತು 230 ವೋಲ್ಟ್. ಒದ್ದೆ ಮೈಯ ರೋಧ ಸುಮಾರು 1000 ಓಮ್ ಎಂದಿಟ್ಟುಕೊಂಡರೆ ದೇಹದಲ್ಲಿ ಹರಿಯುವ ಪ್ರವಾಹ 0.23 ಆಂಪೇರ್. ಹೃದಯವನ್ನು ನಿಲ್ಲಿಸಲು ಇಷ್ಟು ಸಾಕು. ಆದರೆ 5 ಆಂಪೇರಿನ ಫ್ಯೂಸ್ ಇಷ್ಟಕ್ಕೆ ಕರಗದು! ಫ್ಯೂಸ್ ಇರುವುದು ತಂತಿಯ ರಕ್ಷಣೆಗೆ, ಮನುಷ್ಯನ ರಕ್ಷಣೆಗಲ್ಲ. 0.03 ಆಂಪೇರ್ ಸೋರಿದೊಡನೆ ಸಂಪರ್ಕ ಕಡಿಯುವ ಸಾಧನವನ್ನು ಬಲ್ಲ ಎಲೆಕ್ಟ್ರಿಶಿಯನ್ನರಿಂದ ಹಾಕಿಸಿಕೊಳ್ಳುವುದು ಉತ್ತಮ. ಅದಿದ್ದರೂ ಕೆಲಸಕ್ಕೆ ಮೊದಲು ಮೈನ್ ಸ್ವಿಚ್ ಆರಿಸಲೇಬೇಕು. ಇನ್ವರ್ಟರ್ ಇರುವ ಮನೆಯಲ್ಲಿ ಮೈನ್ ಆರಿಸಿದರೂ ಕೆಲವು ತಂತಿಗಳಲ್ಲಿ ವಿದ್ಯುತ್ತು ಉಳಿದಿರುತ್ತದೆ, ಅದನ್ನೂ ಆರಿಸಬೇಕು. ಬಳಿಕ ಟೆಸ್ಟರಿನಿಂದ ಪರೀಕ್ಷಿಸಬೇಕು. ಟೆಸ್ಟರ್ ಸರಿಯಿದೆಯೇ ಎಂದು ಮೊದಲೇ ನೋಡಿಟ್ಟುಕೊಳ್ಳಬೇಕು.

ಅಲ್ಯೂಮಿನಿಯಂ ಏಣಿ ಮತ್ತು ದೋಟಿಗಳ ಬಗ್ಗೆ ವಿಶೇಷ ಜಾಗ್ರತೆ ಬೇಕು. ಅವು ಹಗುರ, ಆದರೆ ಉತ್ತಮ ವಿದ್ಯುದ್ವಾಹಕಗಳು. ಎತ್ತುವ ಮೊದಲು ತಲೆಯ ಮೇಲೆ ತಂತಿ ಹಾದುಹೋಗಿದೆಯೇ ಎಂದು ನೋಡದವನು ಜೀವವನ್ನೇ ಪಣಕ್ಕೊಡ್ಡಿದಂತೆ.

ಮೂರನೆಯದು ಜೊತೆಗಾರ. ಒಬ್ಬಂಟಿಯಾಗಿ ಈ ಕೆಲಸಗಳನ್ನು ಮಾಡಬಾರದು. ವಿದ್ಯಾರ್ಥಿಗಳಾದ ನಾವು ಮಾಡು ಹತ್ತಬೇಕಾಗಿಲ್ಲ, ತಂತಿ ಮುಟ್ಟಬೇಕಾಗಿಯೂ ಇಲ್ಲ. ಏಣಿಯ ಬುಡ ಹಿಡಿಯುವುದು, ಆರಿಸಿದ ಮೈನನ್ನು ಯಾರೂ ಹಾಕದಂತೆ ಕಾಯುವುದು ನಮ್ಮಿಂದ ಆಗುವ ಕೆಲಸ. ಮನೆಯೊಳಗೆ ಯಾರಿಗಾದರೂ ಶಾಕ್ ತಗಲಿದರೆ ಅವರನ್ನು ಮುಟ್ಟದೆ ಮೊದಲು ಮೈನ್ ಆರಿಸಬೇಕು. ಅದು ಕೈಗೆಟಕದಿದ್ದರೆ ಒಣ ಮರದ ಕೋಲಿನಿಂದ ತಂತಿಯನ್ನು ಸರಿಸಬೇಕು. ಹೊರಗಿನ ವಿದ್ಯುತ್ ಲೈನಿನ ಅಪಘಾತವಾದರೆ ಕೋಲನ್ನೂ ನಂಬದೆ ದೂರ ನಿಂತು ವಿದ್ಯುತ್ ಕಚೇರಿಗೆ ಕೂಡಲೇ ತಿಳಿಸಬೇಕು.

ಕೆಟ್ಟ ಮೇಲೆ ಬುದ್ಧಿ ಬಂದು ಪ್ರಯೋಜನವಿಲ್ಲ. ಒಡೆದ ಹಂಚಿಗೆ ಬದಲು ಹಂಚು ಅಂಗಡಿಯಲ್ಲಿ ದೊರೆಯುತ್ತದೆ. ಹೋದ ಜೀವಕ್ಕೆ ಬದಲಿಲ್ಲ. ಈ ಸಲ ಮನೆಯಲ್ಲಿ ಏಣಿ ಹೊರಗೆ ಬಂದಾಗ 'ಅಪ್ಪಾ, ಮೈನ್ ಆರಿಸಿದಿರಾ? ಏಣಿ ನಾನು ಹಿಡಿಯುತ್ತೇನೆ' ಎಂದು ಹೇಳುವ ಮೊದಲಿಗರು ನಾವಾಗೋಣ.